ಬ್ರಾಡ್‌ಲಿಂಕ್ ಆರ್‌ಎಂ4 ಪ್ರೋ + ಹೋಮ್ ಅಸಿಸ್ಟೆಂಟ್: ಬಾಯಿ ಇದೆ, ಕಿವಿ ಇಲ್ಲ

ಬ್ರಾಡ್‌ಲಿಂಕ್ ಅಂದ್ರೆ ಮನೆ ರಿಮೋಟ್‌ಗಳ ಸಿಗ್ನಲ್ ಕಲಿತು ಅವುಗಳ ಬದಲು ತಾನೇ ಕಳಿಸೋ ಒಂದು ವೈಫೈ ಡಬ್ಬಿ; ಹೋಮ್ ಅಸಿಸ್ಟೆಂಟ್ ಅಂದ್ರೆ ಮನೆಯ ಸ್ಮಾರ್ಟ್ ಸಾಮಾನನ್ನೆಲ್ಲಾ ಒಂದೇ ಕಡೆಯಿಂದ ನಡೆಸೋ, ಮನೆಯಲ್ಲೇ ಓಡೋ ಫ್ರೀ ಸಾಫ್ಟ್‌ವೇರ್. ಮೊದಲು ಮಾರ್ಕ್ಸ್ ಹೇಳ್ಬಿಡ್ತೀನಿ, ಆಮೇಲೆ ಪುರಾಣ. ಈ ಡಬ್ಬಿನ ಒಂಟಿಯಾಗಿ ತಗೊಂಡು ಮೊಬೈಲ್ ಆಪಲ್ಲಿ ಮಾತ್ರ ಬಳಸ್ತೀನಿ ಅಂದ್ರೆ ಐದಕ್ಕೆ ಮೂರು, ಹೋಮ್ ಅಸಿಸ್ಟೆಂಟ್ ಜೊತೆ ಜೋಡಿಸಿ, ಜೊತೆಗೆ ಕರೆಂಟ್ ಅಳೆಯೋ ಒಂದು ಪ್ಲಗ್ಗೂ ಇಟ್ಕೊಂಡ್ರೆ ನಾಲ್ಕೂವರೆ. ಆ ಒಂದೂವರೆ ಮಾರ್ಕ್ಸ್ ಎಲ್ಲಿಂದ ಬಂತು ಅನ್ನೋದೇ ಈ ರಿವ್ಯೂ.

ನಮ್ಮನೆ ಮೈಸೂರಲ್ಲಿ. ಹಾಲ್‌ನ ಟೀಪಾಯ್ ಮೇಲೆ ಟಿವಿ ರಿಮೋಟು, ಸೆಟ್‌ಟಾಪ್ ಬಾಕ್ಸ್ ರಿಮೋಟು, ಸೌಂಡ್‌ಬಾರ್‌ದು, ಫ್ಯಾನ್‌ದು, ಪರದೆ ಮೋಟರ್‌ದು, ರೂಮಲ್ಲಿ ಎಸಿದು. ಎಲ್ಲದಕ್ಕೂ ಅಮ್ಮ ಪ್ಲಾಸ್ಟಿಕ್ ಕವರ್ ಹಾಕಿ ರಬ್ಬರ್ ಬ್ಯಾಂಡ್ ಸುತ್ತಿಟ್ಟಿರೋದ್ರಿಂದ ಮೇಲಿನ ನಂಬರ್‌ಗಳು ಯಾರಿಗೂ ಕಾಣಲ್ಲ. ಹೋಮ್ ಆಟೋಮೇಷನ್ ಮಾಡ್ಕೊಡ್ತೀವಿ ಅಂತ ಬಂದೋರು ಕೊಟ್ಟ ಕೊಟೇಶನ್ ನೋಡಿದ್ರೆ ಅದೇ ದುಡ್ಡಲ್ಲಿ ಇನ್ನೊಂದು ಎಸಿ ಬರ್ತಿತ್ತು, ಅದಕ್ಕೇ ಈ ದಾರಿ ಹಿಡಿದಿದ್ದು.

ಮೊದಲು ಒಂದು ಹಳೇ ಕಥೆ, ಯಾಕಂದ್ರೆ ಇದು ಗೊತ್ತಿಲ್ದೆ ಯೂನಿವರ್ಸಲ್ ರಿಮೋಟ್ ತಗೋಬಾರ್ದು. ಲಾಜಿಟೆಕ್ ಹಾರ್ಮನಿ ಅಂತ ಒಂದಿತ್ತು, ಒಂದು ಕಾಲಕ್ಕೆ ಯೂನಿವರ್ಸಲ್ ರಿಮೋಟ್ ಅಂದ್ರೆ ಅದೇ. 2018ರ ಡಿಸೆಂಬರ್‌ನಲ್ಲಿ ಒಂದು ಫರ್ಮ್‌ವೇರ್ ಅಪ್‌ಡೇಟ್ ಬಂತು, ಮನೆ ನೆಟ್‌ವರ್ಕ್ ಒಳಗೇ ಹಾರ್ಮನಿ ಹಬ್ (ಸಿಗ್ನಲ್ ಕಳಿಸೋ ಅದರ ಡಬ್ಬಿ) ಜೊತೆ ಮಾತಾಡೋ ದಾರಿ ಮುಚ್ಚಿಹೋಯ್ತು, ಹೋಮ್ ಅಸಿಸ್ಟೆಂಟ್ ಥರದ್ದನ್ನ ಬಳಸ್ತಿದ್ದೋರ ಸೆಟಪ್ ಎಲ್ಲಾ ಒಂದೇ ಸಲ ಮಲಗಿಬಿಡ್ತು. ಜನ ಗಲಾಟೆ ಎಬ್ಬಿಸಿದ ಮೇಲೆ ಕಂಪನಿ ಆ ದಾರಿ ಮತ್ತೆ ತೆರೀತು ಅನ್ನಿ. ಆದ್ರೆ 2021ರ ಏಪ್ರಿಲ್‌ನಲ್ಲಿ ಹಾರ್ಮನಿ ರಿಮೋಟ್ ತಯಾರಿಸೋದನ್ನೇ ನಿಲ್ಲಿಸ್ತೀವಿ ಅಂದ್ರು. ಅದಕ್ಕೇ ನನ್ನ ಮೊದಲ ಷರತ್ತು ಏನಪ್ಪಾ ಅಂದ್ರೆ ಕಂಪನಿ ಸರ್ವರ್ ಇರ್ಲಿ ಬಿಡ್ಲಿ, ಇಂಟರ್ನೆಟ್ ಇರ್ಲಿ ಬಿಡ್ಲಿ, ನಮ್ಮನೆ ಎಸಿ ನಮ್ಮನೆ ವೈಫೈನಲ್ಲೇ ಆನ್ ಆಗ್ಬೇಕು. ಬ್ರಾಡ್‌ಲಿಂಕ್ ಈ ಷರತ್ತಲ್ಲಿ ಪಾಸು, ಹೋಮ್ ಅಸಿಸ್ಟೆಂಟ್ ಇದರ ಜೊತೆ ಲೋಕಲ್ಲಾಗೇ ಮಾತಾಡುತ್ತೆ. ಇದಕ್ಕೂ ಮುಂಚೆ ಇದೇ ಥರದ ಒಂದು ಅಗ್ಗದ ಡಬ್ಬಿ ಇತ್ತು, ಹೆಸರು ಬೇಡ, ಬಟನ್ ಒತ್ತಿದ್ರೆ ಸಿಗ್ನಲ್ ಎಲ್ಲೋ ದೂರದ ಸರ್ವರ್‌ಗೆ ಹೋಗಿ ಬಂದು ಆಮೇಲೆ ಫ್ಯಾನ್ ತಿರುಗ್ಬೇಕು, ನೆಟ್ ಹೋದ್ರೆ ಅದೂ ಇಲ್ಲ.

ಸೆಟಪ್ ಕಷ್ಟ ಇಲ್ಲ, ಆದ್ರೆ ಎರಡು ಕಡೆ ಕಾಲು ಸಿಗಾಕೊಳ್ಳುತ್ತೆ. ಇದು 2.4 ಗಿಗಾಹರ್ಟ್ಜ್ ವೈಫೈ ಮಾತ್ರ ಹಿಡಿಯೋದು. ಈಗಿನ ಫೈಬರ್ ರೂಟರ್‌ಗಳಲ್ಲಿ 2.4, 5 ಎರಡೂ ಒಂದೇ ಹೆಸರಲ್ಲಿ ಇರುತ್ತಲ್ಲ, ಅದನ್ನ ಬೇರೆ ಬೇರೆ ಹೆಸರು ಮಾಡ್ಕೊಂಡು ಫೋನನ್ನ 2.4ಕ್ಕೆ ಹಾಕ್ಕೊಂಡೇ ಕೂತ್ಕೊಳಿ, ಅರ್ಧ ತಲೆನೋವು ಅಲ್ಲೇ ಕಮ್ಮಿ. ಎರಡನೇದು ಲಾಕ್. ಬ್ರಾಡ್‌ಲಿಂಕ್ ಆಪಲ್ಲಿ ಸೇರಿಸಿದ ಮೇಲೆ ಡಿವೈಸ್ ಲಾಕ್ ಆಗಿದ್ರೆ ಹೋಮ್ ಅಸಿಸ್ಟೆಂಟ್‌ನ ಒಳಗೆ ಬಿಟ್ಕೊಳಲ್ಲ. ಆಪಲ್ಲಿ ಡಿವೈಸ್‌ನ ಪ್ರಾಪರ್ಟಿ ಪೇಜಿಗೆ ಹೋಗಿ ಲಾಕ್ ಡಿವೈಸ್ ಅನ್ನೋದನ್ನ ಆಫ್ ಮಾಡಿ, ಅಷ್ಟೇ. ಆಮೇಲೆ ಹೋಮ್ ಅಸಿಸ್ಟೆಂಟ್‌ಗೆ ಅದರ ಐಪಿ (ಮನೆ ನೆಟ್‌ವರ್ಕಲ್ಲಿ ಅದರ ವಿಳಾಸ) ಕೊಟ್ರೆ ಸಾಕು. ರೂಟರಲ್ಲಿ ಆ ಐಪಿನ ಫಿಕ್ಸ್ ಮಾಡಿಡಿ.

ನನಗೆ ಇಷ್ಟ ಆದ ಒಂದು ಸಣ್ಣ ವಿಷಯ ಇಲ್ಲಿ ಹೇಳ್ಬೇಕು. ಬ್ರಾಡ್‌ಲಿಂಕ್‌ನ ಕೆಲವು ಡಿವೈಸ್‌ಗಳಿಗೆ ಕಂಪನಿ ಸರ್ವರ್ ಸಿಗದೇ ಹೋದ್ರೆ ತಾನಾಗೇ ರೀಸ್ಟಾರ್ಟ್ ಆಗೋ ಸ್ವಭಾವ ಇದೆ, ಅಂದ್ರೆ ಇಂಟರ್ನೆಟ್ ಕಟ್ ಮಾಡಿ ಮನೆ ಒಳಗೇ ಇಟ್ಕೋತೀನಿ ಅಂದ್ರೆ ಪದೇ ಪದೇ ಎದ್ದು ಬೀಳ್ತಿರುತ್ತೆ. ಹೋಮ್ ಅಸಿಸ್ಟೆಂಟ್‌ಗೆ ಬ್ರಾಡ್‌ಲಿಂಕ್ ಜೋಡಿಸೋ ಕೋಡ್ (ಇಂಟಿಗ್ರೇಶನ್) ಬರೆದೋರು ಇದಕ್ಕೇ ಅಂತ ಒಂದು ಹಾರ್ಟ್‌ಬೀಟ್ ಇಟ್ಟಿದಾರೆ, ಎರಡೆರಡು ನಿಮಿಷಕ್ಕೆ ಒಂದ್ಸಲ 'ನಾನಿದೀನಿ ಕಣಪ್ಪ' ಅಂತ ಡಬ್ಬಿಗೆ ಹೇಳ್ತಾನೇ ಇರುತ್ತೆ, ಅದು ಸಮಾಧಾನವಾಗಿರುತ್ತೆ. ದುಡ್ಡು ಕೊಡದ ಸಾಫ್ಟ್‌ವೇರಲ್ಲಿ ಇಷ್ಟು ಕಾಳಜಿ.

ಈಗ ಕಲಿಸೋದು. ಹೋಮ್ ಅಸಿಸ್ಟೆಂಟ್‌ನ ಡೆವಲಪರ್ ಟೂಲ್ಸ್‌ಗೆ ಹೋಗಿ ರಿಮೋಟ್ ಲರ್ನ್ ಕಮಾಂಡ್ ಅನ್ನೋ ಆಕ್ಷನ್ ಆರಿಸಿ, ಡಿವೈಸ್ ಹೆಸರು, ಬಟನ್ ಹೆಸರು ಕೊಟ್ರೆ 'ಈಗ ಬಟನ್ ಒತ್ತಿ' ಅಂತ ನೋಟಿಫಿಕೇಶನ್ ಬರುತ್ತೆ, ಒರಿಜಿನಲ್ ರಿಮೋಟನ್ನ ಡಬ್ಬಿ ಎದುರು ಹಿಡಿದು ಒಂದ್ಸಲ ಒತ್ತಿದ್ರೆ ಮುಗೀತು. ಪರದೆ ಮೋಟರ್ ಥರ ಆರ್‌ಎಫ್ (ರೇಡಿಯೋ ಅಲೆಯ) ರಿಮೋಟ್ ಆದ್ರೆ ಕಮಾಂಡ್ ಟೈಪ್ ಆರ್‌ಎಫ್ ಅಂತ ಕೊಡ್ಬೇಕು, ಅಲ್ಲಿ ಎರಡು ಹಂತ: ಮೊದಲು ಬಟನ್ ಒತ್ತಿ ಹಿಡ್ಕೊಂಡೇ ಇರ್ಬೇಕು, ಅದು ಫ್ರೀಕ್ವೆನ್ಸಿ ಹುಡುಕುತ್ತೆ, ಆಮೇಲೆ ಬಿಟ್ಟು ಇನ್ನೊಂದ್ಸಲ ಒತ್ತಬೇಕು. ಈ ಎರಡನೇ ಸಲ ಒತ್ತೋದನ್ನ ಬಿಟ್ಟು 'ಆರ್‌ಎಫ್ ವರ್ಕ್ ಆಗ್ತಿಲ್ಲ' ಅಂತ ಒಂದು ಸ್ಟಾರ್ ಕೊಟ್ಟು ಹೋಗಿರೋ ಜನ ಬೇಕಾದಷ್ಟು. ಕೋಡುಗಳನ್ನ ತೆರೆದು ನೋಡಿದ್ರೆ ಉದ್ದುದ್ದ ಅಕ್ಷರ ಸಾಲು, ಐಆರ್ (ಟಿವಿ, ಎಸಿ ರಿಮೋಟ್‌ಗಳ ಕಣ್ಣಿಗೆ ಕಾಣದ ಬೆಳಕು) ಆದ್ರೆ ಜೆ-ಜಿ ಅಂತ ಶುರುವಾಗುತ್ತೆ, 433 ಮೆಗಾಹರ್ಟ್ಜ್ ಆರ್‌ಎಫ್ ಆದ್ರೆ ಎಸ್-ಜಿ ಅಂತ. ಯಾವುದು ಯಾವ ಜಾತಿ ಅಂತ ಗೊಂದಲ ಆದ್ರೆ ಆ ಮೊದಲ ಎರಡು ಅಕ್ಷರ ನೋಡಿ ಸಾಕು. ಗೇಟ್, ಕಾರ್ ರಿಮೋಟ್‌ಗಳಲ್ಲಿ ಪ್ರತಿ ಸಲ ಬದಲಾಗೋ ರೋಲಿಂಗ್ ಕೋಡ್ ಇರುತ್ತೆ, ಅದಕ್ಕೆ ಇದು ಆಗಲ್ಲ, ಆಗಬಾರದು ಕೂಡ.

ಎಸಿ ವಿಷಯ ಸ್ವಲ್ಪ ನಿಧಾನವಾಗಿ ಹೇಳ್ಬೇಕು ಯಾಕಂದ್ರೆ ಜಾಸ್ತಿ ಜನ ಸೋಲೋದೇ ಇಲ್ಲಿ. ಟಿವಿ ರಿಮೋಟಲ್ಲಿ ವಾಲ್ಯೂಮ್ ಪ್ಲಸ್ ಒತ್ತಿದ್ರೆ 'ವಾಲ್ಯೂಮ್ ಪ್ಲಸ್' ಅನ್ನೋ ಒಂದೇ ಮಾತು ಹೋಗುತ್ತೆ. ಎಸಿ ರಿಮೋಟ್ ಹಂಗಲ್ಲ, ನೀವು 25ರಿಂದ 24ಕ್ಕೆ ಇಳಿಸಿದ್ರೆ 'ಒಂದು ಡಿಗ್ರಿ ಇಳಿಸು' ಅಂತ ಹೋಗಲ್ಲ, 'ಆನ್ ಇರು, ಕೂಲ್ ಮೋಡಲ್ಲಿರು, 24 ಇರು, ಫ್ಯಾನ್ ಆಟೋ ಇರು, ಸ್ವಿಂಗ್ ಆಫ್ ಇರು' ಅಂತ ಇಡೀ ಜಾತಕ ಪ್ರತಿ ಸಲವೂ ಹೋಗುತ್ತೆ. ಎಸಿ ರಿಮೋಟ್‌ಗೆ ಸ್ಕ್ರೀನ್ ಇರೋದು, ಟಿವಿ ರಿಮೋಟ್‌ಗೆ ಇಲ್ದೇ ಇರೋದು ಇದಕ್ಕೇ, ಲೆಕ್ಕ ಇಟ್ಕೊಳೋದು ರಿಮೋಟೇ ಹೊರತು ಎಸಿ ಅಲ್ಲ. ಹಂಗಾಗಿ ಟೆಂಪರೇಚರ್ ಪ್ಲಸ್ ಅಂತ ಒಂದು ಬಟನ್, ಮೈನಸ್ ಅಂತ ಒಂದು ಬಟನ್ ಕಲಿಸಿಟ್ರೆ ಏನೂ ಉಪಯೋಗ ಇಲ್ಲ. 16ರಿಂದ 30 ಡಿಗ್ರಿ ಅಂದ್ರೆ 15 ಟೆಂಪರೇಚರು, ನಾಲ್ಕು ಮೋಡು, ನಾಲ್ಕು ಫ್ಯಾನ್ ಸ್ಪೀಡು, ಗುಣಿಸಿ ನೋಡಿ, 240 ಕೋಡು. ಇದನ್ನೆಲ್ಲಾ ಕೂತ್ಕೊಂಡು ಒತ್ತೋರು ಯಾರು?

ಪುಣ್ಯಕ್ಕೆ ಸ್ಮಾರ್ಟ್‌ಐಆರ್ ಅಂತ ಒಂದು ಇದೆ, ಹ್ಯಾಕ್ಸ್ (ಹೊರಗಿನೋರು ಬರೆದ ಆಡ್-ಆನ್‌ಗಳು ಸಿಗೋ ಜಾಗ) ಮೂಲಕ ಹೋಮ್ ಅಸಿಸ್ಟೆಂಟ್‌ಗೆ ಹಾಕ್ಕೋಬೇಕು. ಬೇರೆ ಬೇರೆ ಕಂಪನಿ ಎಸಿಗಳ ಕೋಡೆಲ್ಲ ಜನ ಕಲಿಸಿ ಫೈಲ್ ಮಾಡಿಟ್ಟಿದಾರೆ, ನಿಮ್ಮ ಮಾಡೆಲ್‌ಗೆ ಹೊಂದೋ ನಂಬರ್ ಕೊಟ್ರೆ ಸ್ಕ್ರೀನ್ ಮೇಲೆ ಥರ್ಮೋಸ್ಟಾಟ್ ಚಕ್ರ ಬಂದ್ಬಿಡುತ್ತೆ. ನಿಮ್ಮ ಮಾಡೆಲ್ ಲಿಸ್ಟಲ್ಲಿ ಇಲ್ಲ ಅಂದ್ರೂ ಅದೇ ಕಂಪನಿಯ ಬೇರೆ ಮಾಡೆಲ್ ಫೈಲು ನಡೆಯೋ ಚಾನ್ಸ್ ಇದೆ, ಒಂದೆರಡು ಹಾಕಿ ನೋಡಿ. ಯಾವುದೂ ಆಗ್ಲಿಲ್ವಾ, 24, 26, ಆಫ್ ಇಷ್ಟೇ ಕಲಿಸ್ಕೊಳಿ ಸಾಕು, ನಿಜವಾಗ್ಲೂ ಸಾಕು. ಹೆಂಗೂ 2020ರ ಜನವರಿಯಿಂದ ಸ್ಟಾರ್ ರೇಟಿಂಗ್ ಇರೋ ರೂಮ್ ಎಸಿಗಳಿಗೆ ಡೀಫಾಲ್ಟ್ 24 ಅಂತ ಬಿಇಇ (ಕೇಂದ್ರ ಸರ್ಕಾರದ ಇಂಧನ ದಕ್ಷತಾ ಸಂಸ್ಥೆ) ನಿಯಮ ಮಾಡಿದೆ, ಮೈಸೂರಲ್ಲಿ 18ಕ್ಕೆ ಇಟ್ಟು ಎರಡು ರಗ್ಗು ಹೊದ್ಕೊಂಡು ಮಲಗೋರ ವಿಷಯ ನಂಗೊತ್ತಿಲ್ಲ.

ಇಲ್ಲಿವರೆಗೂ ಎಲ್ಲಾ ಚೆನ್ನಾಗೇ ಇದೆ. ತಕರಾರು ಈಗ ಶುರು. ಐಆರ್ ಅನ್ನೋದು ಹಿತ್ತಲಲ್ಲಿ ನಿಂತು ಕೂಗಿದಂಗೆ, ಕೇಳಿಸ್ತೋ ಇಲ್ವೋ ವಾಪಸ್ ಉತ್ತರ ಬರಲ್ಲ. ಡಬ್ಬಿ 'ಎಸಿ ಆನ್' ಅಂತ ಕೂಗಿ ಕೈ ತೊಳ್ಕೊಳುತ್ತೆ, ಸ್ಕ್ರೀನ್ ಮೇಲೆ ಎಸಿ ಆನ್ ಅಂತ ತೋರಿಸುತ್ತೆ, ಅಲ್ಲಿ ಎಸಿ ಸುಮ್ಮನೆ ಕೂತಿರ್ಬಹುದು. ಇನ್ನೊಂದು ಕಡೆಯಿಂದ ನೋಡಿ, ಅಪ್ಪ ರಾತ್ರಿ ಎದ್ದು ಅಭ್ಯಾಸ ಬಲದಿಂದ ಕವರ್ ಹಾಕಿರೋ ಹಳೇ ರಿಮೋಟಲ್ಲೇ ಎಸಿ ಆರಿಸ್ತಾರೆ, ಬ್ರಾಡ್‌ಲಿಂಕ್ ಅದನ್ನ ಕೇಳಿಸ್ಕೊಳೋದೇ ಇಲ್ಲ, ಯಾಕಂದ್ರೆ ಕಲಿಯೋ ಮೋಡಲ್ಲಿ ಇದ್ದಾಗ ಬಿಟ್ರೆ ಬೇರೆ ಟೈಮಲ್ಲಿ ಅದಕ್ಕೆ ಕಿವಿ ಇಲ್ಲ. ಬೆಳಗ್ಗೆ ಆಟೋಮೇಷನ್ 'ಎಸಿ ಆನ್ ಇದೆ, ಆರು ಗಂಟೆ ಆಯ್ತು, ಆರಿಸು' ಅಂತ ಹೇಳುತ್ತೆ. ಎಸಿಗೆ ಆಫ್ ಕೋಡ್ ಬೇರೆ ಇದ್ರೆ ತೊಂದ್ರೆ ಇಲ್ಲ, ಒಂದೇ ಪವರ್ ಬಟನ್ ಆನೂ ಆಫೂ ಎರಡೂ ಆಗೋ ಫ್ಯಾನು, ಸೌಂಡ್‌ಬಾರ್‌ಗಳಲ್ಲಿ ಉಲ್ಟಾ ಹೊಡೆಯುತ್ತೆ, ಆರಿಸೋಕೆ ಹೋಗಿ ಹಾಕ್ಬಿಡುತ್ತೆ.

ಇದಕ್ಕೆ ಮದ್ದು ಡಬ್ಬಿ ಒಳಗಿಲ್ಲ, ಹೊರಗಿದೆ. ಎಸಿ ಪ್ಲಗ್ಗಲ್ಲಿ ಎಷ್ಟು ಕರೆಂಟ್ ಹರೀತಿದೆ ಅಂತ ನೋಡಿದ್ರೆ ಸತ್ಯ ಗೊತ್ತಾಗುತ್ತೆ. 16 ಆಂಪ್ಸ್‌ನ ಪವರ್ ಅಳೆಯೋ ಸ್ಮಾರ್ಟ್ ಪ್ಲಗ್ ಹಾಕಿ, ಇಲ್ಲಾಂದ್ರೆ ಡಿಬಿ ಬಾಕ್ಸಲ್ಲಿ (ಮನೆ ಎಂಸಿಬಿಗಳಿರೋ ಪೆಟ್ಟಿಗೆ) ಎಸಿ ಲೈನ್‌ಗೆ ಕ್ಲಾಂಪ್ ಮೀಟರ್ ಹಾಕ್ಸಿ, ಇದನ್ನ ಮಾತ್ರ ಎಲೆಕ್ಟ್ರಿಷಿಯನ್ ಕೈಲೇ ಮಾಡ್ಸಿ. ಪ್ಲಗ್ ಇರೋದು ನೋಡೋಕೆ ಮಾತ್ರ, ಅದರಿಂದ ಎಸಿ ಆಫ್ ಮಾಡೋಕೆ ಹೋಗ್ಬೇಡಿ, ಓಡ್ತಿರೋ ಕಂಪ್ರೆಸರ್‌ನ ಕರೆಂಟ್ ಕಿತ್ತು ನಿಲ್ಲಿಸೋದು ಒಳ್ಳೇದಲ್ಲ. ಆಮೇಲೆ ಹೋಮ್ ಅಸಿಸ್ಟೆಂಟಲ್ಲಿ 'ಇಷ್ಟು ವ್ಯಾಟ್ ಮೇಲಿದ್ರೆ ಆನ್, ಕೆಳಗಿದ್ರೆ ಆಫ್' ಅಂತ ಒಂದು ಸೆನ್ಸರ್ ಮಾಡಿ, ಅದನ್ನ ಸ್ಮಾರ್ಟ್‌ಐಆರ್‌ನ ಪವರ್ ಸೆನ್ಸರ್ ಅನ್ನೋ ಜಾಗಕ್ಕೆ ಕೊಡಿ. ಅಪ್ಪ ಯಾವ ರಿಮೋಟಲ್ಲಿ ಆರಿಸಿದ್ರೂ ಸ್ಕ್ರೀನಲ್ಲಿ ಆಫ್ ಅಂತ ಬರುತ್ತೆ. ಗಡಿ ಎಷ್ಟಿಡಬೇಕು ಅಂದ್ರೆ, ಆದಷ್ಟು ಕಮ್ಮಿ ಇಡಿ, ನಾನು 20 ವ್ಯಾಟ್ ಇಟ್ಟಿದೀನಿ. ಜಾಸ್ತಿ ಇಟ್ರೆ ರೂಮ್ ತಣ್ಣಗಾಗಿ ಕಂಪ್ರೆಸರ್ ನಿಂತು ಒಳಗಿನ ಫ್ಯಾನ್ ಮಾತ್ರ ತಿರುಗ್ತಿರುವಾಗ 'ಎಸಿ ಆಫ್ ಆಯ್ತು' ಅಂತ ತಪ್ಪು ಲೆಕ್ಕ ಬರುತ್ತೆ. ಮೊದಲ ಸಾಲಲ್ಲಿ ಹೇಳಿದ ಒಂದೂವರೆ ಮಾರ್ಕ್ಸ್ ಅಂದ್ನಲ್ಲ, ಅದು ಈ ಪ್ಲಗ್‌ದು.

ಫ್ಯಾನ್ ಕಥೆ ಬೇರೆ. ಬಿಎಲ್‌ಡಿಸಿ ಫ್ಯಾನು ಹಳೇ 75 ವ್ಯಾಟ್ ಫ್ಯಾನ್ ಜಾಗದಲ್ಲಿ 28 ವ್ಯಾಟಲ್ಲಿ ತಿರುಗುತ್ತೆ, ಜೊತೆಗೆ ರಿಮೋಟು, 1ರಿಂದ 5 ಸ್ಪೀಡ್‌ಗೂ ಬೇರೆ ಬೇರೆ ಬಟನ್ ಇದ್ರೆ ಕಲಿಸೋದು ಸಲೀಸು. ಆದ್ರೆ ನಮ್ಮ ಕಡೆ ಮನೆಗಳಲ್ಲಿ ಫ್ಯಾನ್ ಆರಿಸೋದು ಅಂದ್ರೆ ಗೋಡೆ ಸ್ವಿಚ್ ಆರಿಸೋದು, ರಿಮೋಟಲ್ಲಿ ಆರಿಸಿದ್ರೂ ಹೋಗ್ತಾ ಒಂದ್ಸಲ ಸ್ವಿಚ್ ಟಕ್ ಅನ್ನಿಸ್ಲೇಬೇಕು, ಇಲ್ಲಾಂದ್ರೆ ಅಮ್ಮಂಗೆ ನಿದ್ದೆ ಬರಲ್ಲ. ಸ್ವಿಚ್ ಆಫ್ ಆದ್ಮೇಲೆ ಫ್ಯಾನ್‌ಗೆ ಕರೆಂಟೇ ಇಲ್ಲ, ಡಬ್ಬಿ ಎಷ್ಟು ಕೂಗಿದ್ರೂ ಅಷ್ಟೇ. ಸ್ವಿಚ್ ಮೇಲೆ ಟೇಪ್ ಅಂಟಿಸೋದು ಮನೇಲಿ ಜಗಳಕ್ಕೆ ದಾರಿ. ಸ್ವಿಚ್‌ನೇ ಸ್ಮಾರ್ಟ್ ಮಾಡ್ಸೋದು ಒಂದು, ಇಲ್ಲಾ ಹಾಲ್ ಫ್ಯಾನ್‌ನ ಆಟೋಮೇಷನ್‌ಗೆ ಸೇರಿಸ್ದೇ ಇರೋದು ಇನ್ನೊಂದು. ನಾನು ಎರಡನೇದು ಮಾಡಿದೀನಿ, ಮಲಗೋ ರೂಮಲ್ಲಿ ಮಾತ್ರ ಸೇರಿಸಿದೀನಿ, ರಾತ್ರಿ ಎರಡು ಗಂಟೆಗೆ ಸ್ಪೀಡ್ 4ರಿಂದ 2ಕ್ಕೆ ಇಳಿಯುತ್ತೆ, ಇದೊಂದಕ್ಕೆ ಅಮ್ಮನೂ ಒಪ್ಪಿದಾರೆ.

ಟಿವಿ ಕಡೆ ಡಬ್ಬಿಗೆ ಕೆಲಸ ಕಮ್ಮಿ. ಆಂಡ್ರಾಯ್ಡ್ ಟಿವಿ ಆದ್ರೆ ಐಆರ್ ಮರೆತುಬಿಡಿ, 2023ರಲ್ಲಿ ಬಂದ ಆಂಡ್ರಾಯ್ಡ್ ಟಿವಿ ರಿಮೋಟ್ ಇಂಟಿಗ್ರೇಶನ್ ವೈಫೈ ಮೇಲೇ ಮಾತಾಡುತ್ತೆ, ಆನ್ ಇದ್ಯಾ ಆಫ್ ಇದ್ಯಾ, ಯಾವ ಆಪ್ ಓಡ್ತಿದೆ ಎಲ್ಲಾ ವಾಪಸ್ ಹೇಳುತ್ತೆ. ಫೈರ್ ಟಿವಿ ಸ್ಟಿಕ್ ರಿಮೋಟ್ ಬ್ಲೂಟೂತು, ಯಾವ ಐಆರ್ ಡಬ್ಬಿಯೂ ಅದಕ್ಕೆ ಕೂಗೋಕಾಗಲ್ಲ, ಸ್ಟಿಕ್ ಸೆಟ್ಟಿಂಗಲ್ಲಿ ಎಡಿಬಿ ಡಿಬಗ್ಗಿಂಗ್ (ನೆಟ್‌ವರ್ಕ್ ಮೂಲಕ ಕಮಾಂಡ್ ತಗೊಳೋ ಆಯ್ಕೆ) ಆನ್ ಮಾಡಿ ಆ ದಾರೀಲಿ ಸೇರಿಸ್ಬೇಕು. ಉಳಿಯೋದು ಸೆಟ್‌ಟಾಪ್ ಬಾಕ್ಸ್. ಅಜ್ಜಿಗೆ ಬೇಕಿರೋದು ದೂರದರ್ಶನ ಚಂದನ, ಇನ್ನೆರಡು ಸೀರಿಯಲ್ ಚಾನೆಲ್, ಅಷ್ಟೇ. ಚಾನೆಲ್ ನಂಬರ್‌ನ ಅಂಕಿಗಳನ್ನ ಒಂದಾದ ಮೇಲೆ ಒಂದು ಕಳಿಸೋ ಸ್ಕ್ರಿಪ್ಟ್ ಮಾಡಿದೆ. ಮಧ್ಯೆ ಗ್ಯಾಪ್ ಡೀಫಾಲ್ಟಾಗಿ 0.4 ಸೆಕೆಂಡ್ ಇರುತ್ತೆ, ನಮ್ಮ ಬಾಕ್ಸ್ ಸ್ವಲ್ಪ ಮಂದ, 0.7 ಮಾಡಿದ ಮೇಲೆ ಅಂಕಿ ನುಂಗೋದು ನಿಲ್ತು. ಬಾಕ್ಸ್‌ನ ಪವರ್ ಬಟನ್ ತಂಟೆಗೆ ಹೋಗೇ ಇಲ್ಲ, ಅದು ಆನ್ ಇದ್ಯೋ ಸ್ಟ್ಯಾಂಡ್‌ಬೈಯಲ್ಲಿದ್ಯೋ ಅನ್ನೋ ಜೂಜು ಯಾರಿಗೆ ಬೇಕು.

ಮನೆಯವರು ಬಳಸ್ತಾರಾ ಅನ್ನೋದು ಮುಖ್ಯ ಪ್ರಶ್ನೆ. ಹಳೇ ಟ್ಯಾಬ್ ಒಂದನ್ನ ಗೋಡೆಗೆ ಹಾಕಿ ಬಟನ್‌ಗಳಿಗೆ ಕನ್ನಡದಲ್ಲೇ ಹೆಸರು ಕೊಟ್ಟಿದೀನಿ, 'ಎಸಿ ಹಾಕಿ', 'ಎಸಿ ಆರಿಸಿ', 'ಚಂದನ', 'ಪರದೆ ಮುಚ್ಚಿ'. ಕನ್ನಡ ಅಕ್ಷರ ಚೆನ್ನಾಗೇ ಕಾಣುತ್ತೆ. ಒಂದು ಕಿವಿಮಾತು, ಸ್ಕ್ರಿಪ್ಟ್ ಮಾಡುವಾಗ ಮೊದಲು ಇಂಗ್ಲಿಷ್ ಹೆಸರು ಕೊಟ್ಟು ಸೇವ್ ಮಾಡಿ, ಆಮೇಲೆ ಕನ್ನಡಕ್ಕೆ ಬದಲಾಯಿಸಿ, ಇಲ್ಲಾಂದ್ರೆ ಒಳಗಿನ ಐಡಿ ಕನ್ನಡದಿಂದ ಲಿಪ್ಯಂತರ ಆಗಿ ವಿಚಿತ್ರವಾಗಿ ಬರುತ್ತೆ, ಆಟೋಮೇಷನ್ ಬರೆಯುವಾಗ ನಿಮಗೇ ಓದೋಕಾಗಲ್ಲ. ಅಲೆಕ್ಸಾಗೆ ಕನ್ನಡ ಬರಲ್ಲ, ಆದ್ರೆ ರೂಟೀನಲ್ಲಿ 'ಎಸಿ ಹಾಕು' ಅಂತ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿಟ್ರೆ ಅಪ್ಪನ ಮಾತು ಹಿಡಿಯುತ್ತೆ, ಅಜ್ಜಿದು ಹಿಡಿಯಲ್ಲ. ಅಮ್ಮ ಮೊದಲ ದಿನ ನೋಡಿ ಹೇಳಿದ್ದು, 'ಒಂದು ಬಟನ್ ಒತ್ತೋ ಕೆಲಸಕ್ಕೆ ಇಷ್ಟು ರಾಮಾಯಣನೇನೋ?' ಅವರ ಮಾತಲ್ಲಿ ತಪ್ಪಿಲ್ಲ. ಅದಕ್ಕೇ ಒರಿಜಿನಲ್ ರಿಮೋಟ್ ಒಂದನ್ನೂ ಎತ್ತಿಟ್ಟಿಲ್ಲ, ಎಲ್ಲಾ ಅಲ್ಲೇ ಟೀಪಾಯ್ ಮೇಲೇ ಇವೆ. ಯೂನಿವರ್ಸಲ್ ರಿಮೋಟ್ ಬಂತು ಅಂತ ಹಳೇ ರಿಮೋಟ್ ಡ್ರಾಯರಿಗೆ ಹಾಕೋ ಮನೆಗಳಲ್ಲಿ ವೈಫೈ ಕೈಕೊಟ್ಟ ದಿನ ಹುಡುಕಾಟ ನೋಡ್ಬೇಕು.

ಕರೆಂಟ್ ಹೋಗೋದು. ರೂಟರ್, ಹೋಮ್ ಅಸಿಸ್ಟೆಂಟ್ ಓಡ್ತಿರೋ ರಾಸ್ಪ್‌ಬೆರಿ ಪೈ, ಈ ಡಬ್ಬಿ ಮೂರೂ ಯುಪಿಎಸ್ ಲೈನಲ್ಲಿರ್ಲಿ, ಡಬ್ಬಿಗೆ ಬೇಕಿರೋದು ಬರೀ ಯುಎಸ್‌ಬಿಯ 5 ವೋಲ್ಟು. ಎಸಿ ಯುಪಿಎಸ್‌ನಲ್ಲಿ ಇರಲ್ಲ, ಕರೆಂಟ್ ಹೋದ್ರೆ ಪ್ಲಗ್ಗೇ ಆಫ್‌ಲೈನ್ ಆಗುತ್ತೆ, ವಾಪಸ್ ಬಂದಾಗ ವ್ಯಾಟ್ ಸೊನ್ನೆ ಹತ್ರ ಇದ್ರೆ ಮೂರು ನಿಮಿಷ ಕಾದು ಆಮೇಲೆ ಆನ್ ಕೋಡ್ ಕಳ್ಸು ಅಂತ ಇಟ್ಟಿದೀನಿ. ತಕ್ಷಣ ಕಳಿಸಿದ್ರೆ ಕಂಪ್ರೆಸರ್‌ಗೂ ಕಷ್ಟ, ನಮ್ಮ ಏರಿಯಾದಲ್ಲಿ ಕರೆಂಟ್ ಬಂದು ಹೋಗಿ ಬಂದು ಸ್ಥಿರ ಆಗೋಕೂ ಅಷ್ಟು ಹೊತ್ತು ಬೇಕು.

ಪ್ರೋ ತಗೋಬೇಕಾ ಮಿನಿ ಸಾಕಾ? ಆರ್‌ಎಂ4 ಮಿನಿಯಲ್ಲಿ ಐಆರ್ ಮಾತ್ರ, ಪ್ರೋನಲ್ಲಿ ಆರ್‌ಎಫ್ ಕೂಡ, ರೇಟು ಹತ್ತಿರ ಹತ್ತಿರ ಡಬಲ್. ಆರ್‌ಎಫ್ ಪರದೆಯೋ ಫ್ಯಾನೋ ಇಲ್ಲ ಅಂದ್ರೆ ಪ್ರೋಗೆ ದುಡ್ಡು ಸುರೀಬೇಡಿ, ಅದೇ ದುಡ್ಡಲ್ಲಿ ಎರಡು ರೂಮಿಗೆ ಎರಡು ಮಿನಿ ಹಾಕಿ, ಐಆರ್ ಗೋಡೆ ದಾಟಲ್ಲ. ನಿಮ್ಮ ರಿಮೋಟ್ ಐಆರೋ ಅಲ್ವೋ ಗೊತ್ತಿಲ್ವಾ, ಫೋನಿನ ಸೆಲ್ಫಿ ಕ್ಯಾಮೆರಾ ಮುಂದೆ ಹಿಡಿದು ಬಟನ್ ಒತ್ತಿ, ತುದಿಯಲ್ಲಿ ನೇರಳೆ ಬಣ್ಣದ ಬೆಳಕು ಮಿನುಗಿದ್ರೆ ಐಆರ್.

ಕೈಯಲ್ಲಿ ಸೋಲ್ಡರಿಂಗ್ ಕಬ್ಬಿಣ ಹಿಡಿಯೋ ಧೈರ್ಯ ಇರೋರಿಗೆ ಇನ್ನೂ ಒಳ್ಳೆ ದಾರಿ ಇದೆ. ಬೆಂಗಳೂರು ಎಸ್‌ಪಿ ರೋಡಲ್ಲಿ ಇಎಸ್‌ಪಿ32 ಅನ್ನೋ ವೈಫೈ ಇರೋ ಪುಟ್ಟ ಬೋರ್ಡು, ಐಆರ್ ಎಲ್‌ಇಡಿ, ಅದಕ್ಕೊಂದು 2ಎನ್2222 ಟ್ರಾನ್ಸಿಸ್ಟರು, ವಿಎಸ್1838ಬಿ ರಿಸೀವರು ತಗೊಂಡು ಇಎಸ್‌ಪಿಹೋಮ್ (ಆ ಬೋರ್ಡನ್ನ ಹೋಮ್ ಅಸಿಸ್ಟೆಂಟ್‌ಗೆ ಜೋಡಿಸೋ ಸಾಫ್ಟ್‌ವೇರ್) ಹಾಕಿದ್ರೆ ಬ್ರಾಡ್‌ಲಿಂಕ್‌ಗೆ ಇಲ್ಲದ ಕಿವಿ ಇದಕ್ಕಿರುತ್ತೆ. ರಿಸೀವರ್ ಸದಾ ಕೇಳಿಸ್ಕೊಳ್ತಿರುತ್ತೆ, ಡೈಕಿನ್, ಎಲ್‌ಜಿ, ವರ್ಲ್‌ಪೂಲ್ ಥರದ ಕೆಲವು ಎಸಿಗಳ ಭಾಷೆ ಇಎಸ್‌ಪಿಹೋಮ್‌ಗೆ ಬರುತ್ತೆ, ಅಪ್ಪ ಹಳೇ ರಿಮೋಟಲ್ಲಿ 26 ಅಂತ ಒತ್ತಿದ್ರೆ ಸ್ಕ್ರೀನಲ್ಲೂ 26 ಅಂತ ಬರುತ್ತೆ. ಟ್ರಾನ್ಸಿಸ್ಟರ್ ಬಿಟ್ಟು ಎಲ್‌ಇಡಿನ ನೇರ ಬೋರ್ಡ್ ಪಿನ್‌ಗೆ ಹಾಕಿದ್ರೆ ಬೆಳಕು ಎದುರು ಗೋಡೆವರೆಗೂ ಹೋಗಲ್ಲ, ಅದೊಂದು ನೋಡ್ಕೊಳಿ. ನಾನು ಯಾಕೆ ಡಬ್ಬಿನೇ ಇಟ್ಕೊಂಡಿದೀನಿ ಅಂದ್ರೆ ಆರ್‌ಎಫ್ ಪರದೆ, ಅಷ್ಟೇ ಕಾರಣ. ಮುಂದಿನ ಬೇಸಿಗೆಗೆ ಎಸಿ ರೂಮಿಗೆ ಇಎಸ್‌ಪಿ ಹಾಕೋ ಪ್ಲಾನ್ ಇದೆ.

ಕೊನೇದಾಗಿ ತಗೊಳೋರಿಗೆ: ಡಬ್ಬಿನ ಟಿವಿ ಹಿಂದೆ ಅಡಗಿಸಿಡಬೇಡಿ, ಎಸಿನೂ ಫ್ಯಾನೂ ಎರಡೂ ಕಾಣೋ ಕಡೆ ಶೆಲ್ಫ್ ಮೇಲೆ ಇಡಿ. ಕಲಿಸಿದ ಕೋಡೆಲ್ಲ ಹೋಮ್ ಅಸಿಸ್ಟೆಂಟ್‌ನ ಸ್ಟೋರೇಜ್ ಫೋಲ್ಡರಲ್ಲಿ ಬ್ರಾಡ್‌ಲಿಂಕ್ ರಿಮೋಟ್ ಅಂತ ಶುರುವಾಗೋ ಒಂದು ಫೈಲಲ್ಲಿ ಕೂತಿರುತ್ತೆ, ಪೈಯಲ್ಲಿರೋ ಮೆಮೊರಿ ಕಾರ್ಡ್ ಯಾವಾಗ ಕೈಕೊಡುತ್ತೋ ಹೇಳೋಕಾಗಲ್ಲ, ಆ ಫೈಲ್‌ನ ಒಂದು ಕಾಪಿ ಬೇರೆ ಕಡೆ ಇಟ್ಕೊಳಿ.